ಸದ್ದು ಮಾಡುವ ಮುನ್ನೂರು ಜೋಡಿ

ಟ್ಯೂಬ್ ರೈಲಿನಲ್ಲಿ ಕೂತಾಗ ಎದುರಿನವರ ಮುಖ ನೋಡಬಾರದು ಎಂಬುದು ಲಂಡನ್ನಿನಲ್ಲಿ ಯಾರೂ ಬರೆದಿಡದ ಕಾನೂನು. ಹೊಸದಾಗಿ ಬಂದ ನಮ್ಮವರಿಗೆ ಇದು ಬಹಳ ಕಷ್ಟ. ಎದುರು ಕೂತವನ ಊರು ಯಾವುದು, ಮಕ್ಕಳೆಷ್ಟು, ಸ್ವಂತ ಮನೆಯೋ ಬಾಡಿಗೆಯೋ ಎಂದು ಕೇಳದೆ ನಾಲ್ಕು ಸ್ಟೇಷನ್ ದಾಟುವುದೆಂದರೆ ಉಸಿರು ಕಟ್ಟಿದ ಹಾಗಾಗುತ್ತದೆ. ನನಗೆ ಮಾತ್ರ ಏನೂ ತೊಂದರೆಯಾಗಲಿಲ್ಲ. ನಾನು ಹುಟ್ಟಿನಿಂದಲೇ ಕೆಳಗೆ ನೋಡುವವನು. ಮುಖದಲ್ಲಿ ಏನಿದೆ? ಬೆಳಿಗ್ಗೆ ಎಂಟರ ರೈಲಿನಲ್ಲಿ ಎಲ್ಲರ ಮುಖವೂ ಒಂದೇ. ಕೆಳಗೆ ನೋಡಿದರೆ ಎದುರುಬದುರು ಎರಡು ಸಾಲು ಬೂಟುಗಳು. ಇವನ ಬಲಗಾಲಿನ ಹಿಮ್ಮಡಿ ಹೊರಗಡೆ ಸವೆದಿದೆ, ಸೊಂಟ ಓರೆ ಮಾಡಿ ನಡೆಯುವ ಪೈಕಿ. ಅವಳದು ಚರ್ಮವೆಂದು ಹೇಳಿ ಮಾರಿದ ಪ್ಲಾಸ್ಟಿಕ್ಕು. ಈ ಗೀರು ಸೂಟಿನ ಸಾಹೇಬ ಕಾಲ ಮೇಲೆ ಕಾಲು ಹಾಕದೆ ಕೂತಿದ್ದಾನೆ ಎಂದರೆ ಅಟ್ಟೆಗೆ ತೂತು ಬಿದ್ದಿದೆ.

ಒಮ್ಮೆ ಹೀಗೆಯೇ ನೋಡುತ್ತಿದ್ದಾಗ ಎದುರಿನ ಹೆಂಗಸು ಕೋಟನ್ನು ಮೊಣಕಾಲ ಮೇಲೆ ಎಳೆದುಕೊಂಡು ಬೇರೆ ಸೀಟಿಗೆ ಹೋದಳು. ಅಮ್ಮಾ ತಾಯಿ, ನಾನು ನೋಡಿದ್ದು ನಿನ್ನ ಕಾಲನ್ನಲ್ಲ, ಹೊಲಿಗೆಯನ್ನು, ಇಂಚಿಗೆ ಎಂಟು ಇರಬೇಕಾದ ಕಡೆ ಐದೇ ಹಾಕಿ ನಿನಗೆ ಮೋಸ ಮಾಡಿದ್ದಾರೆ ಎಂದು ಹೇಳಿ ಸಮಾಧಾನ ಮಾಡೋಣವೆಂದು ಎದ್ದು ಹಿಂದೆ ಹೋದೆ. ಆಕೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದೇಬಿಟ್ಟಳು. ಆಮೇಲೆ ಅನ್ನಿಸಿತು, ಎದ್ದು ಹಿಂದೆ ಹೋಗಬಾರದಿತ್ತು.

ಇದು ನಮ್ಮ ಮನೆತನದ ರೋಗ. ನಮ್ಮದು ಅಥಣಿ ಸೀಮೆ. ನಾವು ಸಮಗಾರರು, ಚಪ್ಪಲಿ ಮಾಡುವವರು. ಅಪ್ಪನಿಗೆ ಊರಿನವರ ಮುಖಕ್ಕಿಂತ ಕಾಲುಗಳ ಪರಿಚಯ ಹೆಚ್ಚು. ದೊಡ್ಡವರ ಎದುರು ಮುಖ ಎತ್ತುವ ಪದ್ಧತಿಯೂ ಇರಲಿಲ್ಲ, ಬಿಡಿ. ಅಪ್ಪನಿಗೆ ಅಂಗಡಿ ಇರಲಿಲ್ಲ. ಗಿರಾಕಿ ಬಂದು ಬಾಗಿಲಾಚೆ ನಿಲ್ಲುತ್ತಿದ್ದ, ಇಲ್ಲವೆ ಅಪ್ಪನನ್ನೇ ಕರೆಸಿಕೊಳ್ಳುತ್ತಿದ್ದ. ಹಳೆಯ ಪೇಪರಿನ ಮೇಲೆ ಕಾಲಿಡಿಸಿ ಸುತ್ತಲೂ ಪೆನ್ಸಿಲ್ ಎಳೆದರೆ ಅಳತೆ ಮುಗಿಯಿತು. ಊರಿನ ಸಮಸ್ತ ದೊಡ್ಡವರ ಪಾದಗಳು ನಮ್ಮ ಮನೆಯ ಜಂತಿಯಲ್ಲಿ ಸುರುಳಿ ಸುತ್ತಿಕೊಂಡು ಕೂತಿರುತ್ತಿದ್ದವು. ಪಾದಪೂಜೆಗೆ ಅಷ್ಟು ಅನುಕೂಲವಾದ ಮನೆ ಜಿಲ್ಲೆಯಲ್ಲೇ ಇರಲಿಲ್ಲ. ಅವ್ವ ಮಾತ್ರ ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾದಾಗ, ಯಾರ ಪಾದ ಕೈಗೆ ಸಿಕ್ಕಿತೋ ಅದರಿಂದ ಒಲೆ ಹೊತ್ತಿಸುತ್ತಿದ್ದಳು.

ಇನ್ನು ನನ್ನ ವಿಷಯ. ನಾನು ನಮ್ಮ ವಂಶದ ಮೊದಲ ಪದವೀಧರ. ಈ ಮಾತನ್ನು ನಾನು ಯಾರೂ ಕೇಳದಿದ್ದರೂ ಹೇಳುತ್ತೇನೆ, ನೀವು ಸಹಿಸಿಕೊಳ್ಳಬೇಕು. ಬಿ.ಎಸ್ಸಿ., ರಸಾಯನಶಾಸ್ತ್ರ, ಎರಡನೇ ವರ್ಷದ ಗಣಿತದಲ್ಲಿ ಒಂದು ಸಲ ಡುಮ್ಕಿ, ಕೊನೆಗೆ ಸೆಕೆಂಡ್ ಕ್ಲಾಸ್. ಅಪ್ಪ ನನ್ನನ್ನು ಸಾಮಾನಿನ ಹತ್ತಿರವೇ ಬಿಟ್ಟುಕೊಂಡವನಲ್ಲ. ಚಿಕ್ಕವನಿದ್ದಾಗ ಹೊಲಿಯುವ ಆರಿ ಕೈಗೆತ್ತಿಕೊಂಡರೆ, "ತಮ್ಮಾ, ಅದನ್ನ ಮುಟ್ಟಿದಿ ಅಂದ್ರ ಕೈ ಮುರೀತೀನಿ. ಪಾಟಿ ಹಿಡಿ" ಎನ್ನುತ್ತಿದ್ದ. ಪಾಟಿ ಹಿಡಿದೆ. ಹಿಡಿದು ಹಿಡಿದು ಮದರಾಸಿಗೆ ಹೋಗಿ ಪಾದರಕ್ಷೆ ತಂತ್ರಜ್ಞಾನದ ಡಿಪ್ಲೊಮಾ ಮಾಡಿದೆ. ಅಲ್ಲಿಂದ ತೊಂಬತ್ತರ ದಶಕದ ನಡುವೆ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿನ ಕಾಲೇಜಿಗೆ ಬಂದೆ. ಅಪ್ಪ ಯಾವುದನ್ನು ಮುಟ್ಟಬೇಡ ಎಂದಿದ್ದನೋ ಅದನ್ನೇ ಸಮುದ್ರ ದಾಟಿ ಬಂದು ಇಂಗ್ಲಿಷಿನಲ್ಲಿ ಓದಿದೆ. ಮುಟ್ಟದೆ ಓದಿದೆ ಎಂಬುದಷ್ಟೇ ಸಮಾಧಾನ.

ಲಂಡನ್ನಿಗೆ ಬಂದ ಮೊದಲ ತಿಂಗಳು ಚಳಿಗೆ ಒಂದು ಬೂಟು ಬೇಕೆಂದು ಅಂಗಡಿಗೆ ಹೋದೆ. ಒಬ್ಬಳು ಹುಡುಗಿ, ಚಿನ್ನದ ಕೂದಲು, ನನ್ನ ಮುಂದೆ ಮೊಣಕಾಲೂರಿ ಕೂತು, ಕಾಲನ್ನು ಕೈಯಲ್ಲಿ ಹಿಡಿದು ಅಳತೆಯ ಪಟ್ಟಿಯ ಮೇಲೆ ಇಟ್ಟಳು. ನಮ್ಮ ಮನೆತನದಲ್ಲಿ ಇನ್ನೊಬ್ಬರ ಕಾಲು ಹಿಡಿದವರ ಲೆಕ್ಕವಿಲ್ಲ. ನಮ್ಮ ಕಾಲನ್ನು ಇನ್ನೊಬ್ಬರು ಹಿಡಿದದ್ದು ಅದೇ ಮೊದಲು. ನಾನು ಗಾಬರಿಯಾಗಿ ಕಾಲು ಕಿತ್ತುಕೊಂಡೆ. "ಕಚಗುಳಿಯೇ?" ಎಂದು ಕೇಳಿದಳು. ಹೌದೆಂದೆ. ನಿಜ ಹೇಳಲು ಹೋದರೆ ಅವಳ ಅಂಗಡಿ ಮುಚ್ಚುವ ಹೊತ್ತಾಗುತ್ತಿತ್ತು.

ಈಗ ಸದ್ದಿನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಬರದೆ ಇದ್ದದ್ದಕ್ಕೆ ಕಾರಣ, ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಮ್ಮ ಕಡೆ ಗೌಡರ, ದೇಸಾಯರ ಚಪ್ಪಲಿ ನಡೆದರೆ ಕರ್ರ್ ಕರ್ರ್ ಎಂದು ಸದ್ದು ಮಾಡಬೇಕು. ಅದು ತಾನಾಗಿ ಬರುವ ಸದ್ದಲ್ಲ, ಕೂಡಿಸಿದ್ದು. ಎರಡು ಅಟ್ಟೆಗಳ ನಡುವೆ ಒಂದು ಜಾತಿಯ ಗಟ್ಟಿ ಬೀಜ ಇಟ್ಟು ಹೊಲಿಯುತ್ತಾರೆ. ಯಾವ ಬೀಜ, ಎಷ್ಟು, ಎಲ್ಲಿ ಎಂಬುದನ್ನು ಬರೆಯಲಾರೆ. ಅಪ್ಪನಿಗೆ ತಿಳಿದರೆ ಬೈಯುತ್ತಾನೆ. ಒಂದು ಹೆಚ್ಚಾದರೆ ಇಲಿ ಚೀರಿದಂತಾಗುತ್ತದೆ, ಒಂದು ಕಡಿಮೆಯಾದರೆ ಸದ್ದೇ ಏಳುವುದಿಲ್ಲ. ಸರಿಯಾಗಿ ಕೂತರೆ ಮಾತ್ರ ತುಂಬು ಗಂಟಲಿನ ಕರ್ರ್. ಗೌಡರು ವಾಡೆಯಿಂದ ಹೊರಬಿದ್ದರೆ ಓಣಿಯ ಆ ತುದಿಗೆ ಗೊತ್ತಾಗಬೇಕು. ಕಟ್ಟೆಯ ಮೇಲೆ ಕೂತವರು ಏಳಬೇಕು, ಬೀಡಿ ಸೇದುವವರು ಬೀಡಿ ಮುಚ್ಚಬೇಕು. ಆ ಸದ್ದು ಮಾಡುವುದರಲ್ಲಿ ಅಪ್ಪನನ್ನು ಮೀರಿಸುವವರು ಸುತ್ತಿನಲ್ಲಿ ಇರಲಿಲ್ಲ. ಅಪ್ಪ ತನ್ನ ಕಾಲಿಗೆ ಮಾಡಿಕೊಂಡ ಚಪ್ಪಲಿಗೆ ಸದ್ದಿರಲಿಲ್ಲ. ವಾಡೆಯ ಮುಂದೆ ಹೋಗುವಾಗ ಅದನ್ನೂ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ಕೈಯಲ್ಲಿರುವ ಚಪ್ಪಲಿಗೆ ಸದ್ದು ಇದ್ದರೇನು, ಬಿಟ್ಟರೇನು.

ಓದು ಮುಗಿದ ಮೇಲೆ ನನಗೆ ಸೌತ್‌ಹಾಲ್ ಹತ್ತಿರದ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಹೊರದೇಶಗಳಿಂದ ಪಾದರಕ್ಷೆ ತರಿಸಿ ಲಂಡನ್ನಿನ ಅಂಗಡಿಗಳಿಗೆ ಹಂಚುವ ಕಂಪನಿ. ನನ್ನದು ಇನ್‌ಸ್ಪೆಕ್ಟರ್ ಹುದ್ದೆ. ಬಂದ ಪೆಟ್ಟಿಗೆ ಒಡೆದು, ಬಾರು ಎಳೆದು, ಅಟ್ಟೆ ಬಗ್ಗಿಸಿ, ಫಾರಂ ತುಂಬಿ, ಹಸಿರು ಮುದ್ರೆ ಒತ್ತಿದರೆ ಮಾಲು ಪಾಸು. ಮುದ್ರೆಯನ್ನು ನಾನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ. ಕನ್ನಡದವರ ಕೂಟಗಳಲ್ಲಿ ಯಾರಾದರೂ ಕೆಲಸ ಏನೆಂದು ಕೇಳಿದರೆ "ಕ್ವಾಲಿಟಿ ಕಂಟ್ರೋಲ್" ಎನ್ನುತ್ತಿದ್ದೆ. ಬೆಂಗಳೂರಿನ ಐಟಿಯವರು ಆಗಷ್ಟೇ ಬರತೊಡಗಿದ್ದರು. "ಓ, ಟೆಸ್ಟಿಂಗಾ?" ಎನ್ನುತ್ತಿದ್ದರು. "ಹೂಂ, ಟೆಸ್ಟಿಂಗು" ಎಂದು ಬೋಂಡ ಬಾಯಿಗಿಟ್ಟುಕೊಳ್ಳುತ್ತಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಗೋದಾಮಿಗೆ ಏನು ತರಿಸಬೇಕೆಂದು ತೀರ್ಮಾನಿಸುವವಳು ಸೂಸನ್. ಐವತ್ತರ ಹೆಂಗಸು, ಒಳ್ಳೆಯವಳು. ಪರಶುರಾಮ ಎಂಬ ನನ್ನ ಹೆಸರನ್ನು ಎರಡು ದಿನ ಬಾಯಲ್ಲಿ ಹೊರಳಾಡಿಸಿ ಕೊನೆಗೆ ಪರ್ಸಿ ಎಂದು ಇಳಿಸಿದ್ದಳು. ಅವಳು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡಕ್ಕೆ ತರುತ್ತಿದ್ದೇನೆ, ಕನ್ನಡದಲ್ಲಿ ಇನ್ನೂ ಒಳ್ಳೆಯವಳಾಗಿ ಕೇಳಿಸುತ್ತಾಳೆ. ಒಂದು ಬೇಸಿಗೆ ಅವಳು ನನ್ನ ಮೇಜಿನ ಕೆಳಗಿದ್ದ ಚಪ್ಪಲಿ ನೋಡಿದಳು. ಅಪ್ಪ ಮಾಡಿಕೊಟ್ಟದ್ದು, ಸದ್ದಿಲ್ಲದ್ದು. ಎತ್ತಿ ಮೂಸಿ ನೋಡಿದಳು. ಕಸುಬಿನವರು ಹಾಗೆಯೇ, ನಾಚಿಕೆ ಪಡುವುದಿಲ್ಲ. "ಇಂಥದ್ದು ಮುನ್ನೂರು ಜೋಡಿ ಸಿಗುತ್ತದೆಯೇ?" ಎಂದಳು.

ಅದುವರೆಗೆ ನಮ್ಮ ಮಾಲೆಲ್ಲ ದೊಡ್ಡ ಊರುಗಳ ದಲಾಲರಿಂದ ಬರುತ್ತಿತ್ತು. ಹೊಲಿದವರು ಯಾರೆಂದು ದಲಾಲರಿಗೇ ಗೊತ್ತಿರುತ್ತಿರಲಿಲ್ಲ. ನಾನು ಸಿಗುತ್ತದೆ ಎಂದೆ. ಮಾಡುವವರು ಯಾರೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಭಾನುವಾರವೇ ಊರಿನ ಬಸ್‌ಸ್ಟ್ಯಾಂಡಿನ ಟೆಲಿಫೋನ್ ಬೂತಿಗೆ ಫೋನ್ ಹಚ್ಚಿ ಅಪ್ಪನನ್ನು ಕರೆಸಿದೆ. ಅಪ್ಪ ಮತ್ತು ಓಣಿಯ ಹನ್ನೊಂದು ಮನೆಯವರು ಕೂಡಿ ಮಾಡುವುದೆಂದು ತೀರ್ಮಾನವಾಯಿತು. ಆಫೀಸಿನವರನ್ನೆಲ್ಲ ಪೇಪರಿನ ಮೇಲೆ ನಿಲ್ಲಿಸಿ ಪಾದಗಳ ಗೆರೆ ಎಳೆದು ಅಂಚೆಯಲ್ಲಿ ಕಳಿಸಿದೆ. ನಮ್ಮ ಲಾರಿ ಡ್ರೈವರನ ಹನ್ನೆರಡನೇ ನಂಬರಿನ ಪಾದ ಅಪ್ಪನನ್ನು ಬಹಳ ಯೋಚನೆಗೆ ಹಚ್ಚಿತ್ತು.

"ತಮ್ಮಾ, ಇವಗ ಎಷ್ಟ ಎಕರೆ ಹೊಲ ಐತಿ?"

"ಹೊಲ ಇಲ್ಲಪಾ, ಲಾರಿ ಹೊಡಿತಾನ."

"ಇಂಥಾ ಕಾಲ ಇಟ್ಕೊಂಡು ಹೊಲ ಇಲ್ಲಂದ್ರ ಹೆಂಗ?"

ಮೊದಲು ಮಾದರಿಯೆಂದು ಒಂದು ಜೋಡಿ ಬಂತು. ಚೊಕ್ಕ ಕೆಲಸ. ಸೂಸನ್ ಮೆಟ್ಟಿಕೊಂಡು ಆಫೀಸೆಲ್ಲ ತಿರುಗಿ ಒಪ್ಪಿದಳು. ಮುಂದಿನ ಬೇಸಿಗೆಯ ಹೊತ್ತಿಗೆ ಮುನ್ನೂರು ಜೋಡಿ ಬಂದವು. ಪೆಟ್ಟಿಗೆ ಒಡೆದಾಗ ಬಂದ ಎಣ್ಣೆ ಹಾಕಿದ ಚರ್ಮದ ವಾಸನೆಗೆ ಗೋದಾಮಿನ ಇತರರು ಮೂಗು ಮುಚ್ಚಿಕೊಂಡರು. ನನಗೆ ಹೊಟ್ಟೆ ಹಸಿಯಿತು. ಹೆಕ್ಕಿ ಹೆಕ್ಕಿ ಇಪ್ಪತ್ತು ಜೋಡಿ ತೆಗೆದೆ. ಅಳತೆ ಸರಿ, ಹೊಲಿಗೆ ಸರಿ, ಬಾರು ಬಿಗಿ. ಕೊನೆಗೆ ಒಂದನ್ನು ಮೆಟ್ಟಿಕೊಂಡು ಸಿಮೆಂಟಿನ ನೆಲದ ಮೇಲೆ ಹೆಜ್ಜೆ ಹಾಕಿದೆ.

ಕರ್ರ್.

ಇನ್ನೊಂದು ಮೆಟ್ಟಿದೆ. ಕರ್ರ್. ಇಪ್ಪತ್ತಕ್ಕೆ ಇಪ್ಪತ್ತೂ ಒಂದೇ ಶ್ರುತಿ. ಕಾಲೇಜಿನಲ್ಲಿ ಸದ್ದು ಎಂಬ ದೋಷ, ಅದರ ಕಾರಣಗಳು, ನಿವಾರಣೆಯ ಕ್ರಮಗಳು ಎಂಬ ಪ್ರಶ್ನೆಗೆ ಮೂರು ಪುಟ ಬರೆದು ತರಗತಿಗೇ ಹೆಚ್ಚು ಅಂಕ ತೆಗೆದಿದ್ದ ಮನುಷ್ಯ ನಾನು. ಅದು ಬೂಟಿನ ಮಾತಾಗಿತ್ತು, ಪರೀಕ್ಷೆಯ ಮಾತಾಗಿತ್ತು. ಇದು ಅಪ್ಪನ ಕೈ. ನನ್ನ ತಲೆಯಲ್ಲಿ ಒಂದಕ್ಕೊಂದು ತಾಗಲೇ ಇಲ್ಲ. ಫಾರಂನಲ್ಲಿ ಒಂದು ಕಾಲಂ ಇತ್ತು: ಅಸಹಜ ಸದ್ದು ಏನಾದರೂ ಇದೆಯೇ? ಇಲ್ಲ ಎಂದು ಬರೆದೆ. ಒಳ್ಳೆಯ ಮನಸ್ಸಿನಿಂದಲೇ ಬರೆದೆ. ಹಸಿರು ಮುದ್ರೆ ಒತ್ತಿದೆ.

ಎರಡು ವಾರಕ್ಕೆ ಸೂಸನ್ ಕರೆದಳು.

"ಪರ್ಸಿ, ಆ ಚಪ್ಪಲಿಗಳು ಕಿರುಗುಟ್ಟುತ್ತವಂತೆ."

"ಹೌದು."

"ಹೌದೇ?"

"ಬಹಳ ಚೆನ್ನಾಗಿ ಬಂದಿದೆ" ಎಂದೆ.

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಆಗ ನನಗೆ, ತಡವಾಗಿ, ತಲೆಯಲ್ಲಿ ದೀಪ ಹತ್ತಿತು. ಅವಳು ಒಂದೊಂದಾಗಿ ಓದಿ ಹೇಳಿದಳು. ಒಬ್ಬಾಕೆ ಲೈಬ್ರರಿಗೆ ಮೆಟ್ಟಿಕೊಂಡು ಹೋಗಿ, ಎದ್ದು ಬರಲು ಧೈರ್ಯ ಸಾಲದೆ ಬಾಗಿಲು ಮುಚ್ಚುವವರೆಗೆ ಅಲ್ಲೇ ಕೂತಿದ್ದಳಂತೆ. ಒಬ್ಬ ಇಗರ್ಜಿಯಲ್ಲಿ ನೆಂಟನ ಶವಸಂಸ್ಕಾರದ ಪ್ರಾರ್ಥನೆಗೆ ಹೋಗಿದ್ದನಂತೆ. ಅಂಗಡಿಯಲ್ಲಿ ಒಂದು ಶನಿವಾರ ಆರು ಜನ ಒಟ್ಟಿಗೆ ಮೆಟ್ಟಿ ನೋಡಿದಾಗ ಕೊಳದ ದಂಡೆಯ ಕಪ್ಪೆಗಳ ಹಾಗೆ ಕೇಳಿಸಿತಂತೆ. ಮಾಲೆಲ್ಲ ವಾಪಸು ಬರುತ್ತಿತ್ತು.

"ವರದಿ ಬರೆಯಬೇಕು" ಎಂದಳು ಸೂಸನ್. "ತಯಾರಿಕೆಯ ದೋಷ ಎಂದು ಬರೆ. ಆ ಮಂದಿಯ ಹೆಸರನ್ನು ಮಾಲು ಕಳಿಸುವವರ ಪಟ್ಟಿಯಿಂದ ತೆಗೆದುಹಾಕುತ್ತೇವೆ, ಮುಗಿಯಿತು."

"ಬರೆಯದಿದ್ದರೆ?"

"ಹಾಗಾದರೆ ಸದ್ದು ಕೇಳಿಯೂ ಪಾಸು ಮಾಡಿದ ಇನ್‌ಸ್ಪೆಕ್ಟರನದು ದೋಷ. ನಿನ್ನ ವೀಸಾ ಈ ಕೆಲಸದ ಮೇಲಿದೆ ಎಂಬುದು ನಿನಗೆ ಗೊತ್ತಿದೆ. ಮುಂದಿನ ಸೋಮವಾರದೊಳಗೆ ಕೊಡು."

ಆ ಪಟ್ಟಿಯನ್ನು ನಾನು ಬಲ್ಲೆ. ಅದರಿಂದ ಒಮ್ಮೆ ತೆಗೆದ ಹೆಸರು ಮತ್ತೆ ಸೇರಿದ್ದನ್ನು ಕಂಡಿಲ್ಲ. ಅಪ್ಪನ ಹೆಸರಿನ ಮುಂದೆ, ಹನ್ನೊಂದು ಮನೆಯವರ ಹೆಸರಿನ ಮುಂದೆ, ಕೆಟ್ಟ ಕೆಲಸದವರು ಎಂದು ಬರೆಯಬೇಕು. ಬರೆಯಬೇಕಾದವನು ವಂಶದ ಮೊದಲ ಪದವೀಧರ. ಇಲ್ಲವೆ ನನ್ನ ಹೆಸರಿನ ಮುಂದೆ ಬರೆದುಕೊಂಡು ಗಂಟುಮೂಟೆ ಕಟ್ಟಬೇಕು.

ಮಾದರಿಯಲ್ಲಿ ಇರದ ಸದ್ದು ಮಾಲಿನಲ್ಲಿ ಹೇಗೆ ಬಂತು ಎಂದು ಅಪ್ಪನನ್ನು ಫೋನಿನಲ್ಲಿ ಕೇಳಿದೆ. ಏನೂ ಆಗದವನ ಹಾಗೆ ಕೇಳಿದೆ.

"ನೀನs ಹೇಳಿದೆಲ್ಲೋ, ಮಾದರಿ ಯಾರೂ ಮೆಟ್ಟಂಗಿಲ್ಲ ಅಂತ. ಮೆಟ್ಟಲಾರದ್ದಕ್ಕ ಸದ್ದ ಯಾಕ?" ಎಂದ ಅಪ್ಪ. "ಇವು ಲಂಡನ್ ಸಾಹೇಬ್ರ ಮೆಟ್ಟೂ ಅಂಥಾವು. ಮುನ್ನೂರಕ್ಕೂ ನಾನs ಕೈಯಾರೆ ಕೂಡ್ಸೇನಿ, ಮಂದಿಗೆ ಕೊಟ್ಟಿಲ್ಲ. ಹೆಂಗ ಐತಿ? ಕೇಳ್ತೈತೇನು?"

"ಕೇಳ್ತೈತಪಾ" ಎಂದೆ. "ಲಂಡನ್ ತುಂಬ ಕೇಳ್ತೈತಿ."

ಎರಡಲ್ಲದ ಮೂರನೆಯ ದಾರಿ ಹುಡುಕುವುದು ಓದಿದವರ ಚಟ. ಅಟ್ಟೆ ಬಿಚ್ಚಿ ಬೀಜ ತೆಗೆದು ಮತ್ತೆ ಹೊಲಿದರೆ? ಗೋದಾಮಿನ ಮೂಲೆಯಲ್ಲಿ ಕೂತು ಒಂದು ಜೋಡಿ ಬಿಚ್ಚಿದೆ. ಬಿಚ್ಚುವುದು ಬಂತು. ಹೊಲಿಯಲು ಹೋಗಿ ಆರಿಯನ್ನು ಹೆಬ್ಬೆರಳಿಗೆ ಚುಚ್ಚಿಕೊಂಡೆ. ಚರ್ಮದ ರಸಾಯನಶಾಸ್ತ್ರ ಗೊತ್ತು, ಪಾದದ ಇಪ್ಪತ್ತಾರು ಎಲುಬುಗಳ ಹೆಸರು ಗೊತ್ತು, ಒಂದು ಚಪ್ಪಲಿ ಹೊಲಿಯಲು ಗೊತ್ತಿಲ್ಲ. ಅಪ್ಪ ತನ್ನ ಮಾತು ಉಳಿಸಿಕೊಂಡಿದ್ದ, ನನಗೆ ಏನೂ ಕಲಿಸಿರಲಿಲ್ಲ.

ಉಳಿದದ್ದು ಒಂದೇ ಆಸೆ. ಮೆಟ್ಟಿ ಮೆಟ್ಟಿ ಸವೆದರೆ ಸದ್ದು ತಾನಾಗಿ ಹೋಗಬಹುದು, ಹಾಗಾದರೆ ಕೆಲವು ದಿನ ಮೆಟ್ಟಿದರೆ ಸರಿಹೋಗುತ್ತದೆ ಎಂದು ಅಂಗಡಿಯವರಿಗೆ ಬರೆಯಬಹುದು. ಒಂದು ಜೋಡಿ ಹಾಕಿಕೊಂಡು ವಾರವಿಡೀ ಲಂಡನ್ ಸುತ್ತಿದೆ. ಲಿಫ್ಟಿನಲ್ಲಿ ಜನ ಗೋಡೆ ನೋಡಿದರು. ಚುಚ್ಚಿಕೊಂಡ ಹೆಬ್ಬೆರಳು ತೋರಿಸಲು ನಮ್ಮ ಬೀದಿಯ ಡಾಕ್ಟರನ ಕೋಣೆಗೆ ಹೋದರೆ, ಆತ ಸದ್ದು ಕೇಳಿ ಹೆಬ್ಬೆರಳು ಬಿಟ್ಟು ಮಂಡಿ ಪರೀಕ್ಷೆ ಮಾಡಿದ. ಸದ್ದು ಹೋಗಲಿಲ್ಲ. ದಿನದಿಂದ ದಿನಕ್ಕೆ ಪಕ್ವವಾಯಿತು. ಶನಿವಾರದ ಹೊತ್ತಿಗೆ ನಾನು ಬೀದಿಯ ಈ ತುದಿಯಲ್ಲಿದ್ದರೆ ಆ ತುದಿಯ ನಾಯಿ ಬೊಗಳುತ್ತಿತ್ತು.

ಭಾನುವಾರ ಸ್ಟ್ಯಾನ್ಮೋರಿನಲ್ಲಿ ಡಾಕ್ಟರ್ ದೇಸಾಯಿಯವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ದೇಸಾಯಿ ಧಾರವಾಡ ಕಡೆಯವರು, ಎಲುಬಿನ ಡಾಕ್ಟರು, ಆಸ್ಪತ್ರೆಯಲ್ಲಿ ಕನ್ಸಲ್ಟೆಂಟು. ವರದಿಗೆ ಒಂದೇ ದಿನ ಉಳಿದಿತ್ತು. ದೇವರ ನೆನಪು ಬರುವುದೂ ಆಗಲೇ. ಜುಬಿಲಿ ಲೈನಿನ ಕೊನೆಯ ಸ್ಟೇಷನ್ನಿನಲ್ಲಿ ಇಳಿದು, ಅದೇ ಚಪ್ಪಲಿಯಲ್ಲಿ ನಡೆದು, ತಡವಾಗಿ ತಲುಪಿದೆ. ಬೇಸಿಗೆ, ಬಾಗಿಲು ಕಿಟಕಿ ತೆರೆದಿದ್ದವು. ಒಳಗೆ ಮಂತ್ರ ನಡೆದಿತ್ತು. ಕಲ್ಲು ಹಾಸಿದ ಅಂಗಳದಲ್ಲಿ ಕರ್ರ್ ಕರ್ರ್ ಎಂದು ಬಾಗಿಲವರೆಗೆ ನಡೆದು ನೋಡುತ್ತೇನೆ, ಒಳಗೆ ಮಣೆಯ ಮೇಲೆ ಕೂತಿರಬೇಕಾದ ದೇಸಾಯಿ, ಮಡಿಯುಟ್ಟು, ಕೈಯಲ್ಲಿ ಅಕ್ಷತೆ ಹಿಡಿದು, ನೆಟ್ಟಗೆ ಎದ್ದು ನಿಂತಿದ್ದಾರೆ.

"ಡಾಕ್ಟ್ರೇ, ಸಂಕಲ್ಪ ಆಗ್ತಾ ಇದೆ, ಏಳಬಾರದು" ಎಂದರು ಪುರೋಹಿತರು. ಅವರು ವಾರದ ದಿನಗಳಲ್ಲಿ ಕೌನ್ಸಿಲ್ ಆಫೀಸಿನ ಗುಮಾಸ್ತರು, ಭಾನುವಾರ ಪುರೋಹಿತರು.

"ಡ್ಯಾಡ್, ವೈ ಆರ್ ಯು ಸ್ಟ್ಯಾಂಡಿಂಗ್?" ಎಂದಳು ಮಗಳು.

ದೇಸಾಯಿ ಬಾಗಿಲ ಕಡೆಗೇ ನೋಡುತ್ತಿದ್ದರು. "ಯಾರು ಬಂದ್ರು?"

"ನಾನ್ರಿ, ಪರಶುರಾಮ."

ಅವರು ನನ್ನ ಮುಖ ನೋಡಿದರು. ಆಮೇಲೆ ಕಾಲು ನೋಡಿದರು. "ಎಲಾ ಇವನ. ನಮ್ಮ ಅಜ್ಜಾ ಬಂದ ಅಂತ ತಿಳದೆನಲ್ರಿ. ಅಜ್ಜ ಸತ್ತು ಮೂವತ್ತ ವರ್ಷ ಆತು."

"ಶುಭಕಾರ್ಯದಲ್ಲಿ ಸತ್ತವರ ಮಾತು ಬೇಡ, ಕೂತ್ಕೊಳ್ಳಿ" ಎಂದು ಪುರೋಹಿತರು ಸಂಕಲ್ಪವನ್ನು ಮೊದಲಿನಿಂದ ಶುರು ಮಾಡಿದರು. ದೇಸಾಯಿ ಕೂತರು. ಕೂತ ಮೇಲೂ ಎರಡು ಸಲ ತಿರುಗಿ ನೋಡಿದರು.

ಪ್ರಸಾದದ ಹೊತ್ತಿಗೆ ನನ್ನನ್ನು ಹಿಡಿದರು. "ನಮ್ಮ ವಾಡೇದಾಗ ಅಜ್ಜನ ಜೋಡಿನ ಸಪ್ಪಳ ಕೇಳಿದ್ರ ಊಟಕ್ಕ ಕೂತವರೂ ಏಳತಿದ್ವಿ. ಇವತ್ತ ಕಾಲು ತಾವs ಎದ್ದು ನಿಂತು ನೋಡ್ರಿ, ನನ್ನ ಕೇಳಲೇ ಇಲ್ಲ. ಎಲ್ಲಿ ಸಿಕ್ಕುವ್ರಿ ಇವು?"

ಟೆಸ್ಟಿಂಗಿನವನು ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ವಾರದಿಂದ ಆ ಸದ್ದಿನ ಜೊತೆ ನಡೆದು ನಡೆದು ನನಗೂ ಸ್ವಲ್ಪ ಕೊಬ್ಬು ಬಂದಿತ್ತು ಎಂದು ಕಾಣುತ್ತದೆ.

"ನಮ್ಮಪ್ಪ ಮಾಡಿದ್ರಿ."

ಸುತ್ತ ಸಜ್ಜಿಗೆ ತಿನ್ನುತ್ತಿದ್ದವರು ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಮೈಸೂರಿನ ಡಾಕ್ಟರೊಬ್ಬರ ಹೆಂಡತಿ, ಒಳ್ಳೆಯ ಹೆಂಗಸು, ಮಾತು ಮುಂದುವರಿಸಲೆಂದು ಕೇಳಿದರು. "ಹೌದಾ? ಹಾಬೀನಾ ಅವರಿಗೆ?"

"ಹಾಬಿ ಅಲ್ಲ ಮೇಡಂ, ಜಾತಿ."

"ಓ" ಎಂದರು. ಆಮೇಲೆ "ಸಜ್ಜಿಗೆ ಇನ್ನೊಂಚೂರು ಹಾಕ್ಲಾ?" ಎಂದರು. ಲಂಡನ್ನಿನ ಕನ್ನಡಿಗರು ಏನು ಹೇಳಬೇಕೆಂದು ತೋಚದಾಗ ಬಡಿಸುತ್ತಾರೆ. ಆ ದಿನ ನನಗೆ ನಾಲ್ಕು ಸಲ ಸಜ್ಜಿಗೆ ಬಿತ್ತು.

ದೇಸಾಯಿ ಮಾತ್ರ ಬಡಿಸಲಿಲ್ಲ. ತಟ್ಟೆ ಕೆಳಗಿಟ್ಟರು. "ಅಜ್ಜನ ಜೋಡು ಮಾಡ್ತಿದ್ದವರ ಮುಖಾ ನಾ ಒಂದ ದಿನಾನೂ ನೋಡಿಲ್ಲ" ಎಂದರು.

"ಅವರೂ ನಿಮ್ಮ ಅಜ್ಜನ ಮುಖಾ ನೋಡಿರ್ಲಿಕ್ಕಿಲ್ಲ ಬಿಡ್ರಿ. ಕಾಲು ನೋಡಿರ್ತಾರ."

ಅವರು ನಗಬೇಕೋ ಬೇಡವೋ ಎಂದು ನನ್ನನ್ನು ನೋಡಿದರು. ನಾನು ನಕ್ಕ ಮೇಲೆ ನಕ್ಕರು. "ನನಗೊಂದ ಜೋಡಿ ಬೇಕ್ರಿ. ಭಾಳ ಒದರೂವಂಥಾದ್ದು. ನಾ ವಾರ್ಡಿಗೆ ಬಂದ್ರ ಒಬ್ಬ ಜೂನಿಯರೂ ಖುರ್ಚಿ ಬಿಟ್ಟು ಏಳೂದಿಲ್ಲ."

ಆಮೇಲೆ ಬಾಗಿಲಾಚೆಯ ಚಪ್ಪಲಿ ರಾಶಿಯ ಹತ್ತಿರ ನನಗೊಂದು ಓ.ಪಿ.ಡಿ. ನಡೆಯಿತು. ಕೂಟಗಳಲ್ಲಿ ಡಾಕ್ಟರುಗಳಿಗೆ ಮಂಡಿನೋವು ತೋರಿಸುವ ಹಾಗೆ, ಡಾಕ್ಟರುಗಳೇ ಸಾಲು ಹಿಡಿದು ನನಗೆ ಬೂಟು ತೋರಿಸಿದರು. ಇಬ್ಬರಿಗೆ ನೀವು ಮೋಸ ಹೋಗಿದ್ದೀರಿ ಎಂದು ಹೇಳಿದೆ. ಹೃದಯದ ಡಾಕ್ಟರೊಬ್ಬರು ಬಹಳ ನೊಂದುಕೊಂಡರು.

ವಾಪಸು ಬರುವಾಗ ರೈಲಿನಲ್ಲಿ ಯೋಚಿಸಿದೆ. ಸತ್ಯನಾರಾಯಣ ಸ್ವಾಮಿಯ ಎದುರು ಮಣೆಯ ಮೇಲೆ ಕೂತ ಕನ್ಸಲ್ಟೆಂಟನ್ನು ಎಬ್ಬಿಸಿ ನಿಲ್ಲಿಸುವ ಚಪ್ಪಲಿ. ಅದನ್ನು ಏತಕ್ಕಾಗಿ ಮಾಡಿದ್ದರೋ ಆ ಕೆಲಸವನ್ನು ಅದು ಸ್ಟ್ಯಾನ್ಮೋರಿನಲ್ಲೂ ಮಾಡಿತ್ತು. ಮಾಡುವ ಕೆಲಸವನ್ನು ಸರಿಯಾಗಿ ಮಾಡುವ ವಸ್ತುವಿಗೆ ದೋಷವುಳ್ಳದ್ದು ಎಂದು ಯಾವ ಕಾಲೇಜಿನ ಪುಸ್ತಕ ನೋಡಿ ಬರೆಯುವುದು?

ಸೋಮವಾರ ವರದಿ ಕೊಟ್ಟೆ. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ಸದ್ದು ತಯಾರಿಕೆಯ ದೋಷವಲ್ಲ, ಬೇಕೆಂದೇ, ಬಹಳ ಕುಶಲತೆಯಿಂದ, ಗೌರವ ತೋರಿಸಲು ಕೂಡಿಸಿದ್ದು, ಸದ್ದು ಬೇಡವೆಂದು ತಯಾರಕರಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾದವನು ಇನ್‌ಸ್ಪೆಕ್ಟರ್, ಆತ ಸದ್ದು ಕೇಳಿಯೂ ಸಂತೋಷದಿಂದ ಪಾಸು ಮಾಡಿದ್ದಾನೆ. ಕೆಳಗೆ ಸಹಿ, ಸಹಿಯ ಮುಂದೆ ಬಿ.ಎಸ್ಸಿ. ಎಂದೂ ಬರೆದೆ. ಹೋಗುವುದಾದರೆ ಪದವಿಯ ಸಮೇತ ಹೋಗೋಣವೆಂದು.

ಸೂಸನ್ ಎರಡು ಸಲ ಓದಿದಳು. "ಸಂತೋಷದಿಂದ ಎನ್ನುವ ಮಾತು ಬೇಕೇ?"

"ಬೇಕು."

"ತಯಾರಕರು ನಿನಗೆ ಗೊತ್ತಿರುವವರೇ?"

"ನಮ್ಮಪ್ಪ."

ಅವಳು ವರದಿಯನ್ನು ಮಡಿಸಿ ಮೇಜಿನ ಮೇಲಿಟ್ಟಳು. "ಇದನ್ನು ಮೊದಲೇ ಹೇಳಬೇಕಿತ್ತು ಪರ್ಸಿ" ಎಂದಳು. ಅದೂ ನಿಜವೇ. ಸ್ವಂತ ಅಪ್ಪನ ಮಾಲಿಗೆ ಮಗ ಮುದ್ರೆ ಒತ್ತುವುದು ಯಾವ ದೇಶದಲ್ಲೂ ಸರಿಯಲ್ಲ. ಮೇಲಿನವರ ಹತ್ತಿರ ಅವಳು ಏನು ಹೇಳಿದಳೋ, ನನ್ನನ್ನು ಕಳಿಸಲಿಲ್ಲ. ಹಸಿರು ಮುದ್ರೆ ಕಿತ್ತುಕೊಂಡರು. ಒಂದೂವರೆ ವರ್ಷ ಗೋದಾಮಿನ ಹಿಂದೆ ಬೂಟಿನ ಪೆಟ್ಟಿಗೆಗಳಿಗೆ ನಂಬರಿನ ಚೀಟಿ ಅಂಟಿಸಿದೆ. ಚೀಟಿ ಅಂಟಿಸುವವರಲ್ಲಿ ಬಿ.ಎಸ್ಸಿ. ಆದವನು ನಾನೊಬ್ಬನೇ ಎಂದು ಅಲ್ಲಿಯೂ ಎಲ್ಲರಿಗೂ ಹೇಳಿದೆ.

ವಾಪಸು ಬಂದ ಚಪ್ಪಲಿಗಳಲ್ಲಿ ನಲವತ್ತು ಜೋಡಿ ಡಾಕ್ಟರುಗಳ ಮನೆ ಸೇರಿದವು. ಉಳಿದದ್ದನ್ನು ಸೌತ್‌ಹಾಲ್ ಬ್ರಾಡ್‌ವೇಯ ಪಂಜಾಬಿ ಅಂಗಡಿಯವನು ಒಂದು ಹೆಜ್ಜೆ ಹಾಕಿ ನೋಡಿ ಪೂರ್ತಿ ತೆಗೆದುಕೊಂಡ. ಮದುಮಗ ಬರುವುದು ನಾಲ್ಕು ಜನಕ್ಕೆ ಕೇಳಿಸಬೇಡವೇ ಎಂದು ನನ್ನನ್ನೇ ಕೇಳಿದ.

ಅಪ್ಪನ ಹೆಸರು ಪಟ್ಟಿಯಲ್ಲಿ ಉಳಿಯಿತು. ಮುಂದಿನ ಬೇಸಿಗೆಗೆಂದು ಸೂಸನ್ ಮತ್ತೆ ಇನ್ನೂರು ಜೋಡಿಗೆ ಬರೆದಳು. ಒಂದೇ ಷರತ್ತು: ಸದ್ದು ಕೂಡದು. ಅದನ್ನು ಅಪ್ಪನಿಗೆ ಹೇಳುವವನು ನಾನು. ಚೀಟಿ ಅಂಟಿಸುವುದಕ್ಕಿಂತ ಅದು ಕಷ್ಟವೆನಿಸಿತು. ಆ ಭಾನುವಾರ ಫೋನ್ ಹಚ್ಚಿ, ಊರಿನ ಮಳೆ, ಅವ್ವನ ಕೆಮ್ಮು, ಎಮ್ಮೆಯ ಕರು, ಎಲ್ಲ ವಿಚಾರಿಸಿ ಮುಗಿಸಿದೆ.

"ಅಪ್ಪಾ, ಇನ್ನೂರು ಜೋಡಿ ಬೇಕಂತ. ಆದ್ರ ಈ ಸಲ ಸದ್ದ ಬ್ಯಾಡಂತ."

ಆ ಕಡೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು.

"ಯಾಕ? ಸದ್ದ ಕೂಡಲಿಲ್ಲೇನು?"

"ಕೂಡೇತಪಾ. ಭಾಳ ಛಲೋ ಕೂಡೇತಿ."

"ಮತ್ತ?"

ಲೈಬ್ರರಿಯ ಹೆಂಗಸು, ಇಗರ್ಜಿಯ ಗಂಡಸು, ಎಲ್ಲವನ್ನೂ ಬೂತಿನ ಫೋನಿನಲ್ಲಿ ಹೇಗೆ ಹೇಳುವುದು? "ಇಲ್ಲಿ ಮಂದಿ ಹಂಗs ಅಪ್ಪಾ. ತಾವು ಬರೂದು, ಹೋಗೂದು ಯಾರಿಗೂ ಕೇಳಬಾರದು ಅಂತಾರ. ಎಷ್ಟ ದೊಡ್ಡವರಿದ್ರೂ ಸಪ್ಪಳಿಲ್ಲದಂಗ ನಡೀತಾರ."

ಅಪ್ಪ ಯೋಚಿಸಿದ.

"ಹಂಗಾದ್ರ ನಮ್ಮ ಕಾಲಿಗೆ ಮಾಡ್ಕೋತೀವಲಾ, ಅಂಥಾವs ಬೇಕ ಅನ್ನು."

"ಹೂಂ. ಅಂಥಾವs."

"ಅವೇನ ತಮ್ಮಾ, ಕಣ್ಣ ಮುಚ್ಚಿ ಮಾಡ್ತೀನಿ" ಎಂದ ಅಪ್ಪ. ಆಮೇಲೆ ದನಿ ತಗ್ಗಿಸಿ ಕೇಳಿದ, ದೂರದ ನೆಂಟರ ಮನೆಯ ಕಷ್ಟ ವಿಚಾರಿಸುವವನ ಹಾಗೆ. "ಪಾಪ, ಅವರನ್ನ ಯಾರ ಅಂಜಿಸಿ ಇಟ್ಟಾರೋ?"